ಹತ್ತು ಲೀಟರ್ ಅಲ್ಲ, ನೂರು ಲೀಟರ್: ಕೃಷಿ ವಿಡಿಯೊದಲ್ಲಿ ಧ್ವನಿ ಕತ್ತರಿಸಿ ಸರಿಪಡಿಸುವ ಪಾಠ



ವಾರ ವಾರ ಗೊಬ್ಬರ, ನೀರು, ರೋಗ, ಕೀಟ ಅಂತ ಬರೆಯುವ ನಾನು ಈ ವಾರ ಕಂಪ್ಯೂಟರ್ ವಿಷಯ ಹಿಡಿದುಕೊಂಡು ಬಂದಿದ್ದೀನಿ. ಇದು ತೋಟಕ್ಕೆ ಸಂಬಂಧ ಇಲ್ಲದ ವಿಷಯ ಅಂತ ಪುಟ ಮುಚ್ಚಬೇಡಿ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಬುಡದಲ್ಲೇ ನಿಂತು ಫೋನಿನಲ್ಲಿ ವಿಡಿಯೊ ಮಾಡಿ ಹಾಕುವವರು ಈಗ ಊರಿಗೆ ಒಬ್ಬಿಬ್ಬರಾದರೂ ಇದ್ದಾರೆ. 1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ಈಗ ಅದೇ ಕೈಗೆ ಕ್ಯಾಮೆರಾ ಬಂದಿದೆ. ಲೇಖನಿಯಲ್ಲಿ ತಪ್ಪು ಬರೆದರೆ ಗೀಟು ಹಾಕಬಹುದು. ಮಾತಿನಲ್ಲಿ ತಪ್ಪಿದರೆ ಏನು ಮಾಡೋದು? ಅದನ್ನೇ ಈ ವಾರ ಕಲಿಯೋಣ.

ನಾನು ಮಾಡಿದ ತಪ್ಪು

ಹೋದ ಮುಂಗಾರಿನಲ್ಲಿ ತೆಂಗಿನ ಸುಳಿ ಕೊಳೆ ರೋಗದ ಬಗ್ಗೆ ಒಂದು ವಿಡಿಯೊ ಮಾಡಿದ್ದೆ. ಈ ರೋಗಕ್ಕೆ ಬೋರ್ಡೋ ಎರಡು ರೂಪದಲ್ಲಿ ಬೇಕು. ರೋಗ ಬಂದ ಮರದ ಸುಳಿ ಕೆತ್ತಿ ಸ್ವಚ್ಛ ಮಾಡಿ ಹಚ್ಚೋದಕ್ಕೆ ಶೇ. 10ರ ಮುಲಾಮು, ಅಂದರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಅಕ್ಕಪಕ್ಕದ ಆರೋಗ್ಯವಾದ ಮರಗಳ ಸುಳಿಗೆ ಸಿಂಪಡಿಸೋದಕ್ಕೆ ಶೇ. 1ರ ದ್ರಾವಣ, ಅಂದರೆ ಅಷ್ಟೇ ಮೈಲುತುತ್ತ, ಅಷ್ಟೇ ಸುಣ್ಣ, ಆದರೆ 100 ಲೀಟರ್ ನೀರು.

ಮುಲಾಮಿನ ಲೆಕ್ಕ ಹೇಳಿದ ನಾಲಿಗೆ ಅದೇ ಓಟದಲ್ಲಿ ಸಿಂಪರಣೆಗೂ ‘ಹತ್ತು ಲೀಟರ್’ ಅಂದುಬಿಟ್ಟಿತು. ತೋಟಗಾರಿಕೆ ಪದವಿ ಓದಿದೋನು ನಾನು, ಪರೀಕ್ಷೆಯಲ್ಲಿ ನಿದ್ದೆಗಣ್ಣಲ್ಲೂ ಬರೆಯುತ್ತಿದ್ದ ಲೆಕ್ಕ. ಎಡಿಟ್ ಮಾಡುವಾಗ ಚಿತ್ರ ಚೆನ್ನಾಗಿದೆಯಾ ಅಂತಷ್ಟೇ ನೋಡಿದೆ, ಮಾತು ಕೇಳಿಸಿಕೊಳ್ಳಲಿಲ್ಲ. ಹಾಕಿಬಿಟ್ಟೆ.

ಮೂರನೇ ದಿನ ತುರುವೇಕೆರೆ ಕಡೆಯಿಂದ ಒಬ್ಬ ಹಿರಿಯರ ಫೋನ್ ಬಂತು. ‘ಏನಪ್ಪಾ, ನಿನ್ ಔಷಧಿ ಪಂಪಿನಲ್ಲಿ ಇಳೀತಾನೇ ಇಲ್ವಲ್ಲ! ಮೊಸರು ಕಲಸ್ದಂಗೆ ಆಗೈತೆ, ನಾಝಲ್ ಕಟ್ಕಂಡೈತೆ. ಜಾಲರಿ ಕಿತ್ತಾಕಿ ಚೊಂಬಿನಾಗೆ ಸುಳಿಗೆ ಹುಯ್ದ್ ಬಿಡ್ಲಾ?’

ನನ್ನ ಎದೆ ಧಸಕ್ ಅಂತು. ‘ಎಷ್ಟು ನೀರು ಹಾಕಿದ್ದೀರಿ ದೊಡ್ಡಪ್ಪಾ?’ ಅಂದೆ. ‘ನೀನೇ ಹೇಳಿದ್ಯಲ್ಲಪ್ಪ, ಹತ್ತು ಲೀಟ್ರು’ ಅಂದರು.

ಅವರ ತೋಟದಲ್ಲಿ ನಾಲ್ಕು ವರ್ಷದ ಎಳೆ ಗಿಡಗಳಿದ್ದವು. ಅಷ್ಟು ಗಟ್ಟಿ ಮೈಲುತುತ್ತ ಎಳೆ ಸುಳಿಗೆ ಸುರಿದಿದ್ದರೆ ಗರಿ ಸುಟ್ಟುಹೋಗುತ್ತಿತ್ತು. ಗಿಡಗಳನ್ನು ಉಳಿಸಿದ್ದು ನನ್ನ ಓದಲ್ಲ, ಕಟ್ಟಿಕೊಂಡ ನಾಝಲ್ಲು. ‘ಎಳೆ ಗಿಡಕ್ಕೆ ಮುಟ್ಟಿಸಬೇಡಿ, ಇವತ್ತೇ ರೋಗದ ಮರದ ಸುಳಿಗೆ ಮುಲಾಮಾಗಿ ಹಚ್ಚಿ, ಸಿಂಪರಣೆಗೆ ಹೊಸದಾಗಿ ಕಲಸಿ’ ಅಂದೆ. ಫೋನ್ ಇಟ್ಟ ಕೂಡಲೇ ವಿಡಿಯೊ ಖಾಸಗಿ ಮಾಡಿದೆ. ಆ ರಾತ್ರಿ ಕೂತು ಧ್ವನಿ ಕತ್ತರಿಸೋದು ಕಲಿತೆ.

ಮೊದಲು ತಿಳಿಯಬೇಕಾದ್ದು: ಚಿತ್ರ ಬೇರೆ, ಧ್ವನಿ ಬೇರೆ

ಫೋನಿನಲ್ಲಿ ತೆಗೆದ ವಿಡಿಯೊ ನಮಗೆ ಒಂದೇ ಫೈಲ್ ಆಗಿ ಕಾಣುತ್ತೆ. ಒಳಗೆ ಎರಡು ಪದರ ಇದೆ. ಒಂದು ಚಿತ್ರ, ಇನ್ನೊಂದು ಧ್ವನಿ. ತೆಂಗಿನಕಾಯಿಗೆ ಮಟ್ಟೆ, ಚಿಪ್ಪು ಇದ್ದ ಹಾಗೆ. ಒಂದಕ್ಕೊಂದು ಅಂಟಿಕೊಂಡಿದ್ದರೂ ಬಿಡಿಸಬಹುದು.

ಎಡಿಟಿಂಗ್ ಸಾಫ್ಟ್‌ವೇರ್ ತೆರೆದಾಗ ಕೆಳಗಡೆ ಉದ್ದಕ್ಕೆ ಕಾಣುವ ಪಟ್ಟಿಗೆ ಟೈಮ್‌ಲೈನ್ ಅಂತಾರೆ. ಅದರ ಒಂದೊಂದು ಸಾಲು ಒಂದೊಂದು ಟ್ರ್ಯಾಕ್. ಮೇಲಿಂದ ಕೆಳಕ್ಕೆ ನಿಂತ ಗೆರೆ ಪ್ಲೇಹೆಡ್, ನಾವು ಈಗ ಎಲ್ಲಿದ್ದೀವಿ ಅಂತ ತೋರಿಸುತ್ತೆ. ಧ್ವನಿಯ ಟ್ರ್ಯಾಕ್‌ನಲ್ಲಿ ಗುಡ್ಡ ಹಳ್ಳದ ಹಾಗೆ ಕಾಣೋದು ವೇವ್‌ಫಾರ್ಮ್. ಗುಡ್ಡ ಇದ್ದಲ್ಲಿ ಮಾತು, ತಗ್ಗು ಇದ್ದಲ್ಲಿ ಮೌನ ಅಥವಾ ಉಸಿರು.

‘ಸ್ಪ್ಲಿಟ್’ ಅಂದರೆ ಪ್ಲೇಹೆಡ್ ನಿಂತ ಜಾಗದಲ್ಲಿ ತುಂಡನ್ನು ಎರಡು ಮಾಡೋದು, ಅಷ್ಟೇ. ಏನೂ ಅಳಿಸಿಹೋಗೋದಿಲ್ಲ. ನೀವು ಎಷ್ಟು ತುಂಡು ಮಾಡಿದರೂ ಫೋನಿನಿಂದ ತಂದ ಮೂಲ ಫೈಲ್ ಹಾಗೇ ಇರುತ್ತೆ. ಆದ್ದರಿಂದ ಹೆದರಬೇಡಿ. ತಪ್ಪಾದರೆ ಕಂಟ್ರೋಲ್ ಮತ್ತು ಝಡ್ ಒತ್ತಿ, ಹಿಂದಕ್ಕೆ ಹೋಗುತ್ತೆ.

ಕಂಪ್ಯೂಟರಿನಲ್ಲಿ ಮಾಡುವ ಕ್ರಮ

ನಾನು ಬಳಸೋದು ಶಾಟ್‌ಕಟ್. ಪೂರ್ತಿ ಉಚಿತ, ವಿಡಿಯೊ ಮೇಲೆ ಕಂಪನಿ ಮುದ್ರೆ ಬೀಳೋದಿಲ್ಲ. ಬೇರೆ ಸಾಫ್ಟ್‌ವೇರ್ ಇದ್ದರೂ ಕ್ರಮ ಇದೇ. ಕತ್ತರಿಸುವ ಕೀ ಮಾತ್ರ ಬೇರೆ. ಶಾಟ್‌ಕಟ್‌ನಲ್ಲಿ ‘ಎಸ್’, ಡಾವಿಂಚಿ ರಿಸಾಲ್ವ್‌ನಲ್ಲಿ ಕಂಟ್ರೋಲ್ ಮತ್ತು ‘ಬಿ’, ಪ್ರೀಮಿಯರ್ ಪ್ರೊದಲ್ಲಿ ಕಂಟ್ರೋಲ್ ಮತ್ತು ‘ಕೆ’.

1. ಮೂಲ ವಿಡಿಯೊದ ಒಂದು ನಕಲು ಬೇರೆ ಫೋಲ್ಡರಿನಲ್ಲಿಡಿ. ಬಿತ್ತನೆ ಬೀಜ ಎತ್ತಿಟ್ಟ ಹಾಗೆ.

2. ವಿಡಿಯೊವನ್ನು ಟೈಮ್‌ಲೈನ್‌ಗೆ ಎಳೆದು ಹಾಕಿ. ಅದರ ಮೇಲೆ ಮೌಸಿನ ಬಲ ಗುಂಡಿ ಒತ್ತಿ ‘ಡಿಟ್ಯಾಚ್ ಆಡಿಯೊ’ ಹುಡುಕಿ ಆರಿಸಿ. ಧ್ವನಿ ಬೇರೆ ಸಾಲಿಗೆ ಇಳಿಯುತ್ತೆ.

3. ಚಿತ್ರದ ಸಾಲಿನ ತಲೆಯಲ್ಲಿ ಬೀಗದ ಗುರುತು ಇದೆ. ಅದನ್ನು ಒತ್ತಿ ಚಿತ್ರಕ್ಕೆ ಬೀಗ ಹಾಕಿ. ಕೈತಪ್ಪಿ ಚಿತ್ರ ಕತ್ತರಿಸೋದು ತಪ್ಪುತ್ತೆ.

4. ತಪ್ಪು ವಾಕ್ಯ ಎಲ್ಲಿದೆ ಅಂತ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಟೈಮ್‌ಲೈನ್ ಹಿಗ್ಗಿಸಿ. ಕೀಬೋರ್ಡಿನ ಎಡ ಬಲ ಬಾಣಗಳಿಂದ ಒಂದೊಂದೇ ಫ್ರೇಮ್ ಸರಿಯಬಹುದು. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ ಸೆಕೆಂಡಿನ 30ನೇ ಒಂದು ಭಾಗ. ಒಂದು ಅಕ್ಷರ ಹೇಳುವಷ್ಟರಲ್ಲಿ ಸುಮಾರು ಐದಾರು ಫ್ರೇಮ್ ಕಳೆಯುತ್ತೆ.

5. ವಾಕ್ಯ ಶುರುವಾಗುವ ಮುಂಚಿನ ತಗ್ಗಿನಲ್ಲಿ ಪ್ಲೇಹೆಡ್ ನಿಲ್ಲಿಸಿ. ಧ್ವನಿಯ ತುಂಡನ್ನು ಒಮ್ಮೆ ಒತ್ತಿ ಆರಿಸಿ, ‘ಎಸ್’ ಒತ್ತಿ. ವಾಕ್ಯ ಮುಗಿದ ಮೇಲಿನ ತಗ್ಗಿನಲ್ಲೂ ಹಾಗೇ ಮಾಡಿ. ಈಗ ತಪ್ಪು ವಾಕ್ಯ ಒಂದು ಬಿಡಿ ತುಂಡು.

6. ಆ ತುಂಡನ್ನು ‘ಲಿಫ್ಟ್’ ಮಾಡಿ ತೆಗೆಯಿರಿ. ಇದಕ್ಕೆ ‘ಝಡ್’ ಕೀ. ‘ಎಕ್ಸ್’ ಒತ್ತಬೇಡಿ, ಅದು ರಿಪಲ್ ಡಿಲೀಟ್.

ಈ ಆರನೇ ಹೆಜ್ಜೆಯಲ್ಲೇ ನಾನು ಆ ರಾತ್ರಿ ಎರಡು ಗಂಟೆ ಕಳೆದದ್ದು. ಲಿಫ್ಟ್ ಮಾಡಿದರೆ ತುಂಡು ಹೋಗಿ ಅದರ ಜಾಗ ಖಾಲಿ ಉಳಿಯುತ್ತೆ. ರಿಪಲ್ ಮಾಡಿದರೆ ಹಿಂದಿನದೆಲ್ಲ ಸರಿದು ಮುಂದಕ್ಕೆ ಬಂದು ಖಾಲಿ ಮುಚ್ಚುತ್ತೆ. ಧ್ವನಿ ಮಾತ್ರ ಸರಿದು ಚಿತ್ರ ಅಲ್ಲೇ ಇದ್ದರೆ, ಅಲ್ಲಿಂದ ಕೊನೆತನಕ ತುಟಿಗೂ ಮಾತಿಗೂ ತಾಳ ತಪ್ಪುತ್ತೆ. ನೆನಪಿಡೋಕೆ ಸುಲಭ ದಾರಿ ಹೇಳ್ತೀನಿ. ಸಾಲಿನಲ್ಲಿ ಒಂದು ತೆಂಗು ಸತ್ತರೆ ಆ ಗುಣಿಯಲ್ಲೇ ಬೇರೆ ಸಸಿ ನೆಡ್ತೀವಿ. ಮಿಕ್ಕ ಮರಗಳನ್ನೆಲ್ಲ ಒಂದೊಂದು ಗುಣಿ ಮುಂದಕ್ಕೆ ತರ್ತೀವಾ? ಇಲ್ಲ. ಧ್ವನಿ ತಿದ್ದೋದೂ ಹಾಗೇ. ಗುಣಿ ಖಾಲಿ ಮಾಡಿ, ಅಲ್ಲೇ ಹೊಸದು ನೆಡಿ.

7. ಸರಿಯಾದ ವಾಕ್ಯವನ್ನು ಹೊಸದಾಗಿ ರೆಕಾರ್ಡ್ ಮಾಡಿ ಖಾಲಿ ಜಾಗಕ್ಕೆ ಎಳೆದು ಕೂರಿಸಿ.

8. ಹಿಂದಿನ ವಾಕ್ಯದಿಂದ ಮುಂದಿನ ವಾಕ್ಯದ ತನಕ ಕಣ್ಣು ಮುಚ್ಚಿಕೊಂಡು ಕೇಳಿ. ಹೊಸದು ಜೋರಾಗಿದ್ದರೆ ವಾಲ್ಯೂಮ್ ತಗ್ಗಿಸಿ. ಆಮೇಲೆ ಎಕ್ಸ್‌ಪೋರ್ಟ್.

ಮೊಬೈಲಿನಲ್ಲೇ ಮಾಡೋದಾದರೆ

ಕೈನ್‌ಮಾಸ್ಟರ್, ವಿಎನ್, ಇನ್‌ಶಾಟ್ ಮೂರರಲ್ಲೂ ಸ್ಪ್ಲಿಟ್ ಇದೆ. ಕೈನ್‌ಮಾಸ್ಟರ್‌ನಲ್ಲಿ ತುಂಡನ್ನು ಆರಿಸಿ ‘ಎಕ್ಸ್‌ಟ್ರ್ಯಾಕ್ಟ್ ಆಡಿಯೊ’ ಒತ್ತಿದರೆ ಧ್ವನಿ ಕೆಳಗಿನ ಸಾಲಿಗೆ ಬರುತ್ತೆ. ಆಮೇಲೆ ಕತ್ತರಿ ಗುರುತು ಒತ್ತಿ ‘ಸ್ಪ್ಲಿಟ್ ಅಟ್ ಪ್ಲೇಹೆಡ್’ ಆರಿಸಿ. ಉಚಿತ ಆವೃತ್ತಿಯಲ್ಲಿ ಕಂಪನಿ ಮುದ್ರೆ ಬೀಳುತ್ತೆ, ಅದು ಗೊತ್ತಿರಲಿ. ಆ್ಯಪ್ ಅಪ್‌ಡೇಟ್ ಆದ ಹಾಗೆ ಬಟನ್ ಜಾಗ ಬದಲಾಗುತ್ತೆ, ಕತ್ತರಿ ಗುರುತನ್ನು ಹುಡುಕಿದರೆ ಸಾಕು.

ಧ್ವನಿ ಬೇರೆ ಮಾಡೋದು ಕಷ್ಟ ಅನ್ನಿಸಿದರೆ ಇನ್ನೊಂದು ಉಪಾಯ ಇದೆ. ವಿಡಿಯೊವನ್ನೇ ಎರಡು ಕಡೆ ಸ್ಪ್ಲಿಟ್ ಮಾಡಿ. ನಡುವಿನ ತುಂಡಿನ ವಾಲ್ಯೂಮ್ ಸೊನ್ನೆ ಮಾಡಿ. ಅದರ ಕೆಳಗೆ ಹೊಸ ಮಾತು ಸೇರಿಸಿ. ಚಿತ್ರ ಎಲ್ಲೂ ಸರಿಯೋದಿಲ್ಲ. ನಮ್ಮ ಮನೆಯಲ್ಲಿ ಅಮ್ಮನಿಗೆ ಹೇಳಿಕೊಟ್ಟಿದ್ದು ಇದನ್ನೇ, ಹತ್ತು ನಿಮಿಷದಲ್ಲಿ ಕಲಿತರು.

ಎಲ್ಲಿ ಕತ್ತರಿಸಬೇಕು?

ಕೀ ಒತ್ತೋದು ಯಾರಿಗೂ ಬರುತ್ತೆ. ಎಲ್ಲಿ ಒತ್ತಬೇಕು ಅನ್ನೋದೇ ಕೆಲಸ.

ನಾನು ಮೊದಲು ‘ಹತ್ತು’ ಅನ್ನೋ ಒಂದೇ ಪದ ಕಿತ್ತು ‘ನೂರು’ ಕೂರಿಸೋಕೆ ಹೋದೆ. ಆಗಲಿಲ್ಲ. ನಾವು ಆಡುವ ಮಾತಿನಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬರೆಯುವಾಗ ‘ಹತ್ತು ಲೀಟರ್’, ಬಾಯಲ್ಲಿ ಬರೋದು ‘ಹತ್ಲೀಟ್ರು’. ನಡುವೆ ಕತ್ತರಿ ಹಾಕುವ ಸಂದೇ ಇಲ್ಲ. ಜತೆಗೆ ಬೆಳಿಗ್ಗೆಯ ದನಿಗೂ ರಾತ್ರಿಯ ದನಿಗೂ ಏರಿಳಿತ ಬೇರೆ. ಒಂದು ಪದ ಮಾತ್ರ ಬದಲಾಯಿಸಿದರೆ ಹಳೇ ಪಂಚೆಗೆ ಹೊಸ ತೇಪೆ ಹಾಕಿದಂಗೆ ಎದ್ದು ಕಾಣುತ್ತೆ. ಹಾಗಾಗಿ ಉಸಿರಿನಿಂದ ಉಸಿರಿಗೆ ಕತ್ತರಿಸಿ. ಒಂದು ಉಸಿರಿಗೆ ಹೇಳಿದ ಪೂರ್ತಿ ವಾಕ್ಯ ತೆಗೆದು, ಪೂರ್ತಿ ವಾಕ್ಯವನ್ನೇ ಹಾಕಿ.

ನಡುವೆ ಕತ್ತರಿಸಲೇಬೇಕಾದ ಸಂದರ್ಭ ಬಂದರೆ ಅಕ್ಷರ ನೋಡಿ. ಕ, ಟ, ತ, ಪ ಹೇಳುವ ಮುಂಚೆ ಗಾಳಿ ಒಂದು ಕ್ಷಣ ಪೂರ್ತಿ ನಿಲ್ಲುತ್ತೆ. ವೇವ್‌ಫಾರ್ಮ್‌ನಲ್ಲಿ ಅಲ್ಲಿ ಚಪ್ಪಟೆ ಜಾಗ ಕಾಣುತ್ತೆ. ‘ಕೆಜಿ’ ಅನ್ನುವ ಮುಂಚೆ, ‘ಕೊಬ್ಬರಿ’ ಅನ್ನುವ ಮುಂಚೆ ಸುಲಭವಾಗಿ ಕತ್ತರಿಸಬಹುದು. ನ, ಮ, ಲ, ರ ಮತ್ತು ಸ್ವರಗಳು ಹಿಂದಿನ ಪದದೊಳಕ್ಕೆ ಹರಿದುಕೊಂಡು ಬರುತ್ತವೆ. ಅಲ್ಲಿ ಕತ್ತರಿ ಹಾಕಬೇಡಿ.

‘ಟಪ್’ ಅನ್ನೋ ಸದ್ದು ಯಾಕೆ ಬರುತ್ತೆ?

ಧ್ವನಿ ಅಂದರೆ ಮೇಲೆ ಕೆಳಗೆ ತೂಗುವ ಅಲೆ. ಅಲೆ ಎತ್ತರದಲ್ಲಿದ್ದಾಗ ಕತ್ತರಿಸಿದರೆ ಅದು ಒಂದೇ ಏಟಿಗೆ ಸೊನ್ನೆಗೆ ಬೀಳುತ್ತೆ. ಆ ಬೀಳುವಿಕೆಯೇ ‘ಟಪ್’ ಅಂತ ಕೇಳೋದು. ಅದಕ್ಕೆ ಮದ್ದು ಫೇಡ್. ಶಾಟ್‌ಕಟ್‌ನಲ್ಲಿ ತುಂಡಿನ ಮೇಲಿನ ಮೂಲೆಯಲ್ಲಿ ಸಣ್ಣ ವೃತ್ತ ಇದೆ. ಅದನ್ನು ಒಂದೆರಡು ಫ್ರೇಮಿನಷ್ಟು ಒಳಕ್ಕೆ ಎಳೆದರೆ ಧ್ವನಿ ಇಳಿಜಾರಿನಲ್ಲಿ ಇಳಿಯುತ್ತೆ, ಇಳಿಜಾರಿನಲ್ಲಿ ಏರುತ್ತೆ. ‘ಟಪ್’ ಮಾಯ.

ಹಿಂದೆ ರೇಡಿಯೊ ಕೇಂದ್ರಗಳಲ್ಲಿ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದರು. ಸೆಕೆಂಡಿಗೆ ಏಳೂವರೆ ಇಂಚು ಓಡುವ ಟೇಪಿನಲ್ಲಿ ಒಂದು ಸೆಕೆಂಡಿನ ಮಾತು ಅಂದರೆ ಸುಮಾರು 19 ಸೆಂಟಿಮೀಟರ್ ಪಟ್ಟಿ. ಅದನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸುತ್ತಿದ್ದರು. ಓರೆ ಇದ್ದರೆ ಒಂದು ದನಿ ಕರಗುತ್ತ ಇನ್ನೊಂದು ಏಳುತ್ತೆ. ಮಾವಿನ ಕಸಿ ಕಟ್ಟಿದವರಿಗೆ ಇದು ಗೊತ್ತಿರುವ ವಿದ್ಯೆಯೇ. ಕಸಿ ಕಡ್ಡಿಯನ್ನು ಓರೆಯಾಗಿ ಸವರಿದರೆ ತಾಗುವ ಜಾಗ ಜಾಸ್ತಿ, ಕೂಡಿಕೊಳ್ಳೋದು ಚೆನ್ನ. ಫೇಡ್ ಅಂದರೆ ಧ್ವನಿಗೆ ಹಾಕುವ ಓರೆ ಕೊಯ್ತ.

ಖಾಲಿ ಜಾಗ ಪೂರ್ತಿ ಖಾಲಿ ಇರಬಾರದು

ತೋಟದಲ್ಲಿ ನಾವು ಸುಮ್ಮನಿದ್ದಾಗಲೂ ಗರಿ ಸದ್ದು, ಹಕ್ಕಿ, ದೂರದ ಪಂಪ್‌ಸೆಟ್ಟು ಇದ್ದೇ ಇರುತ್ತೆ. ಮಾತು ತೆಗೆದ ಜಾಗದಲ್ಲಿ ಅದೂ ಹೋಗಿಬಿಟ್ಟರೆ ಕೇಳುವವರಿಗೆ ಫೋನ್ ಕಟ್ಟಾಯಿತೇನೋ ಅನ್ನಿಸುತ್ತೆ. ಅದಕ್ಕೆ ಪ್ರತಿ ಸಲ ಶೂಟಿಂಗ್ ಮುಗಿಸುವ ಮುಂಚೆ ಅದೇ ಜಾಗದಲ್ಲಿ 30 ಸೆಕೆಂಡ್ ಯಾರೂ ಮಾತಾಡದೆ ರೆಕಾರ್ಡ್ ಮಾಡಿಕೊಳ್ಳಿ. ತೇಪೆ ಹಾಕಿದಲ್ಲೆಲ್ಲ ಇದನ್ನು ಬೇರೆ ಸಾಲಿನಲ್ಲಿ ಸಣ್ಣ ದನಿಯಲ್ಲಿ ಹಾಸಿ.

ಹೊಸ ಮಾತನ್ನೂ ಸಾಧ್ಯವಾದರೆ ಅದೇ ಜಾಗದಲ್ಲಿ, ಅದೇ ಫೋನಿನಲ್ಲಿ, ಬಾಯಿಗೆ ಅಷ್ಟೇ ದೂರ ಹಿಡಿದು ಹೇಳಿ. ನಾನು ಮೊದಲು ನಡುಮನೆಯಲ್ಲಿ ಕೂತು ಹೇಳಿದೆ. ಗೋಡೆಯ ಗುಂಯ್‌ಗುಡುವಿಕೆ ಸೇರಿ ಬಾವಿಯೊಳಗಿಂದ ಮಾತಾಡಿದಂಗೆ ಬಂತು. ಬೆಳಿಗ್ಗೆ ಅದೇ ಮರದ ಬುಡಕ್ಕೆ ಹೋಗಿ ಮತ್ತೆ ಹೇಳಬೇಕಾಯಿತು.

ಮುಖ ಕಾಣುತ್ತಿದ್ದರೆ ತುಟಿ ‘ಹತ್ತು’ ಅನ್ನುತ್ತೆ, ಕಿವಿ ‘ನೂರು’ ಕೇಳುತ್ತೆ. ಆ ಹೊತ್ತಿಗೆ ಡ್ರಮ್ಮಿನ ಚಿತ್ರವೋ ಸುಣ್ಣ ಕಲಸುವ ಕೈಯೋ ಮೇಲೆ ಹಾಕಿ. ‘100 ಲೀಟರ್ ನೀರು’ ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಹೊಸ ವಾಕ್ಯ ಹಳೆಯದಕ್ಕಿಂತ ಉದ್ದವಾದರೆ ಮುಂದಿನ ಮಾತಿನ ಮೇಲೆ ಏರುತ್ತೆ, ಗಿಡ್ಡವಾದರೆ ತೊಂದರೆ ಇಲ್ಲ. ಆದ್ದರಿಂದ ಚಿಕ್ಕದಾಗಿ ಹೇಳಿ.

ಏನನ್ನು ಕತ್ತರಿಸಬಾರದು

ಕನ್ನಡದಲ್ಲಿ ‘ಬೇಡ’, ‘ಬಾರದು’, ‘ಇಲ್ಲ’ ಬರೋದು ವಾಕ್ಯದ ಕೊನೆಗೆ. ‘ಮಳೆ ಬರುವ ದಿನ ಔಷಧಿ ಹೊಡೀಬೇಡಿ’ ಅನ್ನೋದರ ಬಾಲ ನಾಲ್ಕು ಫ್ರೇಮ್ ಹೆಚ್ಚಿಗೆ ಕತ್ತರಿಸಿದರೂ ‘ಬೇಡಿ’ ಮಸುಕಾಗಿ, ಮಾತಿನ ಅರ್ಥವೇ ತಿರುಗುಮುರುಗು ಆಗಬಹುದು. ವಾಕ್ಯದ ಕೊನೆಯಲ್ಲಿ ಕತ್ತರಿಸುವಾಗ ಅರ್ಧ ಸೆಕೆಂಡ್ ಬಿಟ್ಟೇ ಕತ್ತರಿಸಿ.

ಇನ್ನೊಂದು ಮಾತು. ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಸಾವಯವ ಬೆಳೆಗಾರರ ಸಂದರ್ಶನ ಮಾಡಿದ್ದೆ. ‘ಮೊದಲೆರಡು ವರ್ಷ ಕಾಯಿ ಕಮ್ಮಿ ಆಯ್ತು, ಆಮೇಲೆ ಚೇತರಿಸ್ಕಂತು’ ಅಂದರು. ನಾನೂ ಸಾವಯವದವನೇ. ಮೊದಲರ್ಧಕ್ಕೆ ಕತ್ತರಿ ಹಾಕಿದರೆ ವಿಡಿಯೊ ಇನ್ನೂ ಚೆನ್ನಾಗಿರುತ್ತಿತ್ತು, ಬೆರಳು ‘ಎಸ್’ ಕೀ ಮೇಲೇ ಇತ್ತು. ಹಾಕಲಿಲ್ಲ. ಆ ಎರಡು ವರ್ಷದ ಕಷ್ಟ ಗೊತ್ತಿಲ್ಲದೆ ಯಾರಾದರೂ ಸಾಲ ಮಾಡಿಕೊಂಡು ಸಾವಯವಕ್ಕೆ ಇಳಿದರೆ ಅವರ ಮನೆಗೆ ಉತ್ತರ ಕೊಡೋರು ಯಾರು? ಕೆಮ್ಮು ಕತ್ತರಿಸಿ, ಗಾಳಿ ಸದ್ದು ಕತ್ತರಿಸಿ, ತಪ್ಪು ಲೆಕ್ಕ ಕತ್ತರಿಸಿ. ಇನ್ನೊಬ್ಬರ ಮಾತಿನ ತೂಕ ಕತ್ತರಿಸಬೇಡಿ.

ಈಗಾಗಲೇ ಹೋಗಿರುವ ವಿಡಿಯೊಗೆ ಏನು ಮಾಡೋದು?

ಯೂಟ್ಯೂಬಿನಲ್ಲಿ ಹಾಕಿದ ವಿಡಿಯೊ ತೆಗೆದು ಅದೇ ಲಿಂಕಿನಲ್ಲಿ ಇನ್ನೊಂದು ಕೂರಿಸೋಕೆ ಬರಲ್ಲ. ಯೂಟ್ಯೂಬ್ ಸ್ಟುಡಿಯೊದ ಎಡಿಟರಿನಲ್ಲಿ ತಪ್ಪು ಭಾಗವನ್ನು ಚಿತ್ರದ ಸಮೇತ ಕತ್ತರಿಸಿ ತೆಗೆಯಬಹುದು. ಆದರೆ ಸರಿಯಾದ ವಾಕ್ಯ ಸೇರಿಸಬೇಕೆಂದರೆ ಹೊಸ ವಿಡಿಯೊನೇ ಹಾಕಬೇಕು. ನಾನು ಹಳೆಯದನ್ನು ಖಾಸಗಿಯಾಗೇ ಉಳಿಸಿ, ತಿದ್ದಿದ್ದನ್ನು ಹಾಕಿ, ಶುರುವಿನಲ್ಲೇ ‘ಹಿಂದಿನ ವಿಡಿಯೊದಲ್ಲಿ ನೀರಿನ ಲೆಕ್ಕ ತಪ್ಪು ಹೇಳಿದ್ದೆ, ಕ್ಷಮಿಸಿ’ ಅಂದೆ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋದ ಪ್ರತಿಗಳನ್ನು ವಾಪಸ್ ತರೋಕೆ ಆಗಲ್ಲ. ಅದಕ್ಕೆ ನಾನಿರುವ ಎಲ್ಲ ಗುಂಪುಗಳಿಗೂ ನನ್ನದೇ ದನಿಯಲ್ಲಿ ತಿದ್ದುಪಡಿ ಕಳಿಸಿದೆ. ನಾಚಿಕೆ ಆಯಿತು, ನಿಜ. ಒಂದು ಎಳೆ ಗಿಡದ ಸುಳಿಗಿಂತ ನನ್ನ ನಾಚಿಕೆ ದೊಡ್ಡದಲ್ಲ.

ಹಾಕುವ ಮುಂಚೆ ಒಮ್ಮೆ ನೋಡಿ

* ಪ್ರಮಾಣ ಹೇಳುವ ಪ್ರತಿ ವಾಕ್ಯವನ್ನೂ ಕಾಗದದ ಮೇಲೆ ಬರೆದುಕೊಂಡು, ವಿಡಿಯೊ ಕೇಳುತ್ತ ಟಿಕ್ ಹಾಕಿ.
* ಒಮ್ಮೆ ಚಿತ್ರ ನೋಡದೆ ಧ್ವನಿ ಮಾತ್ರ ಕೇಳಿ.
* ಕೆಜಿ, ಗ್ರಾಂ, ಲೀಟರ್, ಮಿಲಿ ಬಂದಲ್ಲೆಲ್ಲ ಅಂಕಿಯನ್ನು ಪರದೆ ಮೇಲೆ ಬರೆಯಿರಿ.
* ರೋಗ, ಔಷಧಿಯ ವಿಷಯದಲ್ಲಿ ಅನುಮಾನ ಇದ್ದರೆ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲೋ ಕೇಳಿ ಖಾತ್ರಿ ಮಾಡಿಕೊಳ್ಳಿ.

ಕೊನೆಗೆ, ಆ ವಿಡಿಯೊದಲ್ಲಿ ಹೇಳಬೇಕಾಗಿದ್ದ ಮಾತು ಇಲ್ಲಿ ತಪ್ಪಿಲ್ಲದೆ ಇರಲಿ. ಸಿಂಪರಣೆಗೆ ಶೇ. 1ರ ಬೋರ್ಡೋ: 1 ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತ ಕಲಕಿ, ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬೇಡಿ. ಹೊಳೆಯುವ ಕಬ್ಬಿಣದ ಕುಡುಗೋಲನ್ನು ಅದ್ದಿ ನೋಡಿ. ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಸೋಸಿ, ಅವತ್ತೇ ಹೊಡೆದು ಮುಗಿಸಿ.

ಆ ದೊಡ್ಡಪ್ಪನವರ ಎಳೆ ಗಿಡಗಳು ಈಗ ಹೊಸ ಗರಿ ಬಿಟ್ಟಿವೆ. ಮೊನ್ನೆ ಫೋನ್ ಮಾಡಿದ್ದರು. ‘ನಿನ್ ಹೊಸ ವಿಡಿಯೊ ನೋಡ್ದೆ ಕಣಪ್ಪ. ಈಗ ಎರಡು ಸಲ ಕೇಳ್ತೀನಿ, ಆಮೇಲೆ ಕಲಸ್ತೀನಿ’ ಅಂದರು. ನಾನು ಮೂರು ಸಲ ಕೇಳಿ ಹಾಕ್ತೀನಿ ದೊಡ್ಡಪ್ಪಾ ಅಂದೆ.

ಮುಂದಿನ ವಾರ ಮತ್ತೆ ತೋಟಕ್ಕೇ ಬರ್ತೀನಿ. ಸಿಗೋಣ.